ಮೋರ್ಸ್ ಮಾತಲ್ಲ ಎಂಬ ನಿರ್ಣಯ

ನನ್ನ ಗಂಡ ಸೆಸಿಲ್ ಟ್ರೆಗೆಂಜಾ ಪೈಪ್ ಸೇದಿ ಸತ್ತನೆಂದು ಕಂಪನಿಯ ಡಾಕ್ಟರ್ ಬರೆದುಕೊಟ್ಟ. ಆ ಪೈಪಿನಲ್ಲಿ ಬೆಂಕಿ ಕಂಡವರು ನಮ್ಮ ಗಣಿಯೂರು ಬರಕೂನದಲ್ಲಿ ಒಬ್ಬರೂ ಇಲ್ಲ. ಗಣಿಯೊಳಗೆ ಬಾಯಿಗೆ ಧೂಳು ಹೋಗದಿರಲಿ ಎಂದು ಸೆಸಿಲ್ ಅದನ್ನು ಹಲ್ಲಿನಲ್ಲಿ ಕಚ್ಚಿಕೊಳ್ಳುತ್ತಿದ್ದ. ಮೇಲೆ ಬಂದ ಮೇಲೂ ಅಭ್ಯಾಸ ಬಿಡಲಿಲ್ಲ. ಊಟಕ್ಕೆ ಕೂತಾಗ ತೆಗೆದು ತಟ್ಟೆಯ ಪಕ್ಕ ಇಡುತ್ತಿದ್ದ, ಮುಗಿದ ಕೂಡಲೇ ಮತ್ತೆ ಕಚ್ಚಿಕೊಳ್ಳುತ್ತಿದ್ದ. ತಂಬಾಕಿನ ವಾಸನೆ ಬಂದರೆ ಅವನಿಗೆ ಸೀನು. ಡಾಕ್ಟರ್ ಎದೆಗೆ ಕೊಳವೆ ಇಟ್ಟು ಕೇಳಲಿಲ್ಲ, ಪೈಪ್ ನೋಡಿದ. ನೋಡಿದರೇ ಸಾಕು ಅನ್ನುವ ವಿದ್ಯೆ ಅದು.

ನಮ್ಮೂರ ಗುಡ್ಡದ ಮೇಲೆ ಗಣಿಯಲ್ಲಿ ಸತ್ತವರ ಗೋಡೆಯಿದೆ. ಹೆಸರು, ಅದರ ಪಕ್ಕದಲ್ಲಿ ಕಾರಣ. ಕಲ್ಲು ಬಿತ್ತು. ಮದ್ದು ಸಿಡಿಯಿತು. ಹಗ್ಗ ಹರಿಯಿತು. ಧೂಳು ಎಂದು ಒಂದು ಹೆಸರಿನ ಪಕ್ಕದಲ್ಲೂ ಇಲ್ಲ, ಏಕೆಂದರೆ ಕಂಪನಿಯ ಪ್ರಕಾರ ನಮ್ಮ ಗಣಿಯಲ್ಲಿ ಧೂಳೇ ಇಲ್ಲ. ಒಗೆದು ಹಾಕಿದ ಬಿಳಿ ಬಟ್ಟೆ ಸಂಜೆಗೆ ಬೂದಿ ಬಣ್ಣಕ್ಕೆ ತಿರುಗುವುದು ನಮ್ಮ ಸಾಬೂನಿನ ದೋಷ. ಪೈಪ್ ಸೇದಿ ಸತ್ತವನಿಗೆ ಗೋಡೆಯ ಮೇಲೆ ಜಾಗವಿಲ್ಲ. ನನಗೆ ಬೇಕಾಗಿದ್ದು ಅಷ್ಟೇ: ಆ ಗೋಡೆಯಲ್ಲಿ ಸೆಸಿಲ್‌ನ ಹೆಸರು, ಪಕ್ಕದಲ್ಲಿ ಧೂಳು.

ಐದು ವರ್ಷ ಅರ್ಜಿ ಹಾಕಿದ ಮೇಲೆ, ಎಂಬತ್ತೆಂಟನೇ ಇಸವಿಯಲ್ಲಿ, ಸಾವಿನ ವಿಚಾರಣೆಯನ್ನು ಮತ್ತೆ ತೆರೆಯುತ್ತೇವೆ ಎಂದು ಸರ್ಕಾರದ ಮ್ಯಾಜಿಸ್ಟ್ರೇಟರು ಒಪ್ಪಿದರು. ಮಧ್ಯಾಹ್ನದ ಪಾಳಿಯಲ್ಲಿ ಕರೆಂಟ್ ಉಳಿಸುವುದಕ್ಕಾಗಿ, ಗಣಿಯೊಳಗಿನ ಧೂಳು ಹೊರಗೆಳೆಯುವ ಗಾಳಿ ಫ್ಯಾನನ್ನು ನಿಲ್ಲಿಸುತ್ತಿದ್ದರು ಎಂಬುದು ಊರಿಗೆಲ್ಲ ಗೊತ್ತಿತ್ತು. ಊರಿಗೆ ಗೊತ್ತಿರುವುದು ಕೋರ್ಟಿಗೆ ಗೊತ್ತಾಗಬೇಕಾದರೆ ಕಂಡವನೊಬ್ಬ ಬೇಕು. ಫ್ಯಾನಿನ ಕೆಳಗಿದ್ದವರೆಲ್ಲ ಕೆಮ್ಮಿ ಮುಗಿಸಿದ್ದರು. ಸ್ವಿಚ್ಚಿನ ಮೇಲೆ ಕೈ ಇಟ್ಟವನೊಬ್ಬ ಬದುಕಿದ್ದ. ಅವನು ಕ್ಲೆಮ್ ಬೊಲಿಥೊ.

ಬೊಲಿಥೊ ಜೊತೆ ಊರು ಮಾತು ಬಿಟ್ಟಿತ್ತು.

ಅರವತ್ತೆರಡರ ದೊಡ್ಡ ಮುಷ್ಕರದಲ್ಲಿ, ಮಕ್ಕಳಿಗೆ ಮೊಲದ ಸಾರು ಬಿಟ್ಟರೆ ಬೇರೆ ಇಲ್ಲದ ದಿನಗಳಲ್ಲಿ, ಅವನು ಗೇಟು ದಾಟಿ ಕೆಲಸಕ್ಕೆ ಹೋದ. ಅಂಥವನಿಗೆ ನಮ್ಮಲ್ಲಿ ಹಕ್ಕಳೆ ಅನ್ನುತ್ತೇವೆ. ಗಾಯದ ಮೇಲೆ ಕಟ್ಟುವುದು, ಕಿತ್ತರೆ ಮತ್ತೆ ರಕ್ತ. ಬರಕೂನದ ಯಾವ ಸದಸ್ಯನೂ, ಸದಸ್ಯನ ಮನೆಯವರೂ ಅವನ ಜೊತೆ ಮಾತಾಡತಕ್ಕದ್ದಲ್ಲ ಎಂದು ಯೂನಿಯನ್ ನಿರ್ಣಯ ಮಾಡಿತು. ಬ್ರೆಡ್ಡಿನವನು ಮುಖ ತಿರುಗಿಸಿಕೊಂಡೇ ಬ್ರೆಡ್ ಇಟ್ಟ. ಬಾರಿನಲ್ಲಿ ಅವನು ಕುಡಿದ ಗ್ಲಾಸನ್ನು ಅವನ ಕಣ್ಣೆದುರೇ ಒಡೆದು ಹಾಕಿದರು. ಪಾದ್ರಿ ದೇವರ ಜೊತೆ ಮಾತಾಡಿದ, ಅವನ ಜೊತೆ ಇಲ್ಲ. ನಾನೂ ಮಾತು ಬಿಟ್ಟೆ. ತಪ್ಪು ಮಾಡಿದೆ ಎಂದು ಈಗಲೂ ಅನ್ನಿಸುವುದಿಲ್ಲ. ಒಗ್ಗಟ್ಟು ಎಂಬುದು ಕಂಪನಿಯ ಹತ್ತಿರ ಇಲ್ಲದ, ನಮ್ಮ ಹತ್ತಿರ ಇದ್ದ ಒಂದೇ ಆಸ್ತಿ. ಅದನ್ನು ಅವನು ತೂತು ಮಾಡಿದ.

ಅವನು ಊರು ಬಿಟ್ಟು ಉಪ್ಪಿನ ಕೆರೆಯ ಆಚೆ, ಕುರಿ ಸಾಕುವವರ ಕೊಳವೆಬಾವಿಗಳ ಪಂಪು ನೋಡಿಕೊಳ್ಳುವ ಕೆಲಸಕ್ಕೆ ಸೇರಿದ. ಫೋನಿಲ್ಲ. ಪತ್ರ ಬರೆದರೆ ಒಡೆಯದೆ ವಾಪಸ್ ಕಳಿಸುತ್ತಿದ್ದ.

"ಕೋರ್ಟು ಅವನನ್ನ ಎಳಕೊಂಡು ಬರಬಹುದು," ಎಂದ ಯೂನಿಯನ್ನಿನ ವಕೀಲ. "ಅವನ ನೆನಪನ್ನ ಎಳಕೊಂಡು ಬರೋಕಾಗಲ್ಲ. 'ಮರೆತುಹೋಗಿದೆ' ಅಂದುಬಿಟ್ಟರೆ ಮುಗೀತು. ಅವನಾಗಿ ಬಂದು ಹೇಳಬೇಕು."

ಸೆಸಿಲ್‌ನ ಹಳೆಯ ಗಾಡಿ ತೆಗೆದುಕೊಂಡು ನಾನೇ ಹೋದೆ. ದಾರಿಯುದ್ದ ಏನು ಮಾಡಬೇಕೆಂದು ಯೋಚಿಸಿರಲಿಲ್ಲ. ಗೇಟಿನ ಹತ್ತಿರ ಇಳಿದೆ. ಬೊಲಿಥೊ ಬಾಗಿಲಿಗೆ ಬಂದು ಸೊಳ್ಳೆ ಜಾಲರಿಯ ಹಿಂದೆ ನಿಂತ. ನಾನು ಮಾತಾಡುವ ಹಾಗಿರಲಿಲ್ಲ. ಬರಕೂನದವರ ಮುಂದೆ ಬಾಯಿ ತೆರೆಯುವುದಿಲ್ಲ ಎಂದು ಅವನೂ ಪಣ ತೊಟ್ಟಿದ್ದನಂತೆ. ಹಾಗೇ ನಿಂತೆವು. ಒಂದು ಕುರಿ ಬಂದು ನಮ್ಮಿಬ್ಬರನ್ನೂ ನೋಡಿ ಹೋಯಿತು. ಬಿಸಿಲು ತಡೆಯಲಾರದೆ ನಾನು ಗಾಡಿ ಹತ್ತಿದೆ. ತಿರುಗಿಸುವಾಗ ಅವನ ತಗಡಿನ ಮಾಡಿನಿಂದ ಗಾಳಿಯಂತ್ರದ ಕಂಬಕ್ಕೆ ಎಳೆದಿದ್ದ ಉದ್ದನೆಯ ತಂತಿ ಕಾಣಿಸಿತು. ಬಟ್ಟೆ ಒಣಗಿಸುವುದಕ್ಕೆ ಯಾರೂ ಅಷ್ಟು ಎತ್ತರದಲ್ಲಿ ಎಳೆಯುವುದಿಲ್ಲ.

ಯೋಸಿಪ್ ವುಕೆಲಿಚ್‌ನನ್ನು ಕೇಳಿದೆ. ಗಣಿಯ ಪವರ್‌ಹೌಸಿನಲ್ಲಿ ಎಲೆಕ್ಟ್ರಿಷಿಯನ್, ನಮ್ಮ ಬೀದಿಯವನು, ಮನೆಯಲ್ಲಿ ತಾನೇ ಕಟ್ಟಿದ ರೇಡಿಯೋಗಳಲ್ಲಿ ಲೋಕದವರ ಜೊತೆಗೆಲ್ಲ ಹರಟುವ ಹುಚ್ಚಿನವನು.

"ಏರಿಯಲ್ಲು ಕಣೇ ಅದು," ಎಂದ. "ಎಂಬತ್ತು ಮೀಟರಿನ ರೇಡಿಯೋ ಅಲೆ ಹಿಡಿಯೋದು. ದಿನಾ ಹೊತ್ತು ಮುಳುಗೋ ಮುಂಚೆ ಬರ್ತಾನೆ ಆ ಮನುಷ್ಯ. ಮೈಕು ಮುಟ್ಟಲ್ಲ, ಬರೀ ಮೋರ್ಸು, ಟೆಲಿಗ್ರಾಮಿನ ಆ ಚುಕ್ಕೆ ಗೆರೆ. ಅವನ ಮನೆ ಮೇಲೆ ಎಷ್ಟು ಮಳೆ ಬಿತ್ತು ಅಂತ ಜಪಾನಿನವರಿಗೂ ಗೊತ್ತು."

"ನಿನಗೆ ಹೆಂಗೆ ಗೊತ್ತು? ನೀನು ಯೂನಿಯನ್ ಮೆಂಬರು."

"ಕೇಳಿಸ್ಕೊಳ್ಳೋದು ಮಾತಾಡೋದಲ್ಲವಲ್ಲ ಮಾರಾಯ್ತಿ."

"ಹಾಗಾದ್ರೆ ನನಗೊಂದು ಸೆಟ್ಟು ಕೊಡು."

"ಕೊಡೋದೇನು? ಕಟ್ಟು. ಕಟ್ಟದೇ ಇರೋರಿಗೆ ಅದರ ಮೇಲೆ ಕೋಪ ಮಾಡ್ಕೊಳ್ಳೋ ಹಕ್ಕಿರಲ್ಲ."

ಕಟ್ಟಿದೆ. ಹೊರಗಿನ ಕವಚ ಬಿಸ್ಕತ್ತಿನ ಡಬ್ಬಿ. ತಾಮ್ರದ ಹಾಳೆ ಅಂಟಿಸಿದ ಹಲಗೆಯನ್ನು ಉಗುರಿನಷ್ಟಗಲದ ಚೂರುಗಳಾಗಿ ಕತ್ತರಿಸಿ, ಆ ಚೂರುಗಳನ್ನು ದೊಡ್ಡ ಹಲಗೆಯ ಮೇಲೆ ದ್ವೀಪಗಳ ಹಾಗೆ ಅಂಟಿಸಿ, ದ್ವೀಪದಿಂದ ದ್ವೀಪಕ್ಕೆ ಸಾಮಾನುಗಳನ್ನು ಬೆಸೆಯುತ್ತ ಹೋಗಬೇಕು. ಟ್ರಾನ್ಸಿಸ್ಟರುಗಳು ಸತ್ತ ಟಿವಿಯಿಂದ ಬಂದವು. ಸುರುಳಿ ಸುತ್ತುವುದಕ್ಕೆ ಕೈಬೆರಳಿನಷ್ಟು ದಪ್ಪದ ಪ್ಲಾಸ್ಟಿಕ್ ಕೊಳವೆ ಬೇಕೆಂದ ಯೋಸಿಪ್. ಕಂಪನಿಯ ಡಾಕ್ಟರ್ ಕೊಡುತ್ತಿದ್ದ ಕೆಮ್ಮಿನ ಮಾತ್ರೆಯ ಡಬ್ಬಿಗಳು ಸರಿಯಾಗಿ ಅದೇ ಅಳತೆಯವು. ನನ್ನ ಮನೆಯಲ್ಲಿ ಅವಕ್ಕೆ ಬರವಿರಲಿಲ್ಲ. ಮೋರ್ಸ್ ಒತ್ತುವ ಕೀಲಿಯನ್ನು ಕಬ್ಬಿಣ ಕೊಯ್ಯುವ ಗರಗಸದ ಬ್ಲೇಡಿನಿಂದ ಮಾಡಿದೆ.

ಮೊದಲ ಸಲ ಬ್ಯಾಟರಿಯ ತಂತಿಗಳನ್ನು ಅದಲುಬದಲು ಕೊಟ್ಟೆ. ಟ್ರಾನ್ಸಿಸ್ಟರಿನಿಂದ ಬಿಳಿ ಹೊಗೆ ಎದ್ದು ಅಡುಗೆಮನೆಯ ಸೂರಿಗೆ ಹೋಯಿತು. ಆ ಮನೆ ಕಟ್ಟಿದ ಮೇಲೆ ಅದರೊಳಗೆ ಎದ್ದ ಒಂದೇ ಹೊಗೆ ಅದು. ಡಾಕ್ಟರನ್ನು ಕರೆದು ತೋರಿಸಬೇಕಿತ್ತು.

ಪರವಾನಗಿಯ ಪರೀಕ್ಷೆಯೂ ಆಯಿತು. ಹೊಸಬರ ದರ್ಜೆ. ಎಂಬತ್ತು ಮೀಟರಿನ ಪಟ್ಟಿಯಲ್ಲಿ ಹೊಸಬರಿಗೆಂದು ಒಂದು ತುಂಡು ಕೊಟ್ಟಿರುತ್ತಾರೆ. ಅದರೊಳಗೆ ಎಲ್ಲಿ ಬೇಕಾದರೂ ಓಡಾಡಬಹುದು, ಬೇಲಿ ದಾಟಬಾರದು.

ಇನ್ನು ಉಳಿದದ್ದು ಯೂನಿಯನ್. ಕದ್ದು ಮಾಡುವ ಕೆಲಸ ನನ್ನದಲ್ಲ. ಕಮಿಟಿಯ ಮುಂದೆ ಹೋಗಿ ಕೂತೆ. ಕಾರ್ಯದರ್ಶಿ ಮಿಕ್ ಡರ್ಕಿನ್ ಮೇಜು ಕುಟ್ಟಿದ. ಮಿಕ್‌ನ ತಂದೆಯ ಹೆಸರು ಗೋಡೆಯ ಮೇಲಿದೆ. ಹಗ್ಗ ಹರಿಯಿತು.

"ನಿರ್ಣಯ ರದ್ದು ಮಾಡೋ ಮಾತೇ ಇಲ್ಲ," ಎಂದ ಮಿಕ್. "ರದ್ದು ಮಾಡಿ ಅಂತ ಇಲ್ಲಿ ಕೂತಿರೋ ಆಯ್ವಿ ಕೇಳ್ತಾನೂ ಇಲ್ಲ."

"ನಾನ್ಯಾಕೆ ಕೇಳಲಿ? ನಾನೇ ಕೈ ಎತ್ತಿದವಳು."

"ಸರಿ. ಪ್ರಶ್ನೆ ಇಷ್ಟೇ ಕಾಮ್ರೇಡ್ಸ್. ಮೋರ್ಸು ಮಾತೋ, ಅಲ್ಲವೋ?"

ಎಲ್ಲರೂ ತಮ್ಮ ತಮ್ಮ ಚಹಾ ಕಲಕಿದರು.

"ಬಾಯಿ ಉಪಯೋಗಿಸ್ತಾಳಾ?" ಎಂದ ಒಬ್ಬ.

"ಇಲ್ಲ. ಗರಗಸದ ಬ್ಲೇಡು," ಎಂದ ಯೋಸಿಪ್.

"ನಾಲಿಗೆ?"

"ಕಚ್ಕೊಂಡಿರ್ತೀನಿ," ಎಂದೆ.

"ಅರ್ಥ ಇರುತ್ತಲ್ಲಪ್ಪಾ ಅದರಲ್ಲಿ. ಅರ್ಥ ಇದ್ರೆ ಮಾತೇ," ಎಂದ ಮೂಲೆಯಲ್ಲಿ ಕೂತವನು.

"ಕೈಯಲ್ಲಿ ಮಾಡೋದೆಲ್ಲ ಮಾತಾದ್ರೆ," ಎಂದ ಒಬ್ಬ ಮುದುಕ, "ಮುಷ್ಕರದಲ್ಲಿ ಗೇಟಿನ ಹತ್ರ ನಾವೆಲ್ಲ ಅವನಿಗೆ ಬೆರಳೆತ್ತಿ ತೋರಿಸಿದ್ವಲ್ಲ, ಅದೇನು? ಅದರಲ್ಲಿ ಅರ್ಥ ಇರಲಿಲ್ವಾ? ನಿರ್ಣಯ ಆದ ಮೇಲೂ ತೋರಿಸಿದ್ದೀವಿ. ನಾನಂತೂ ತಪ್ಪದೆ ತೋರಿಸಿದ್ದೀನಿ."

ಮತ ಸಮಸಮ ಬಿತ್ತು. ಮಿಕ್ ತನ್ನ ನಿರ್ಣಾಯಕ ಮತ ಹಾಕಿದ.

"ಮೋರ್ಸು ಮಾತಲ್ಲ. ಸದ್ದು. ಆದರೆ ಆಯ್ವಿ ಸದ್ದಿನ ನಡುವೆ ಮಾತು ತೂರಿಸ್ತಿಲ್ಲ ಅಂತ ನೋಡ್ಕೊಳ್ಳೋಕೆ ಕಮಿಟಿಯವರೊಬ್ಬರು ಅದನ್ನ ಕಲೀಬೇಕು."

ಬೇರೆ ಯಾರೂ ಒಪ್ಪದ್ದರಿಂದ ತಾನೇ ಕಲಿಯತೊಡಗಿದ. ಯೋಸಿಪ್‌ನ ಅಡುಗೆಮನೆಯಲ್ಲಿ ಮಿಕ್ ಡರ್ಕಿನ್ ಮೋರ್ಸ್ ಒತ್ತುವುದು ಕೇಳಿದರೆ ಯಾರೋ ಮೆಟ್ಟಿಲಿನಿಂದ ಆಲೂಗೆಡ್ಡೆ ಚೀಲ ಬೀಳಿಸಿದಂತಿರುತ್ತಿತ್ತು.

ನನ್ನ ಡಬ್ಬಿಯ ಬಗ್ಗೆ ಇಲ್ಲಿ ಒಂದು ಸಂಗತಿ ಹೇಳಬೇಕು, ಮುಂದಿನದೆಲ್ಲ ಅದರಿಂದಲೇ ಆದದ್ದು. ಅದರಲ್ಲಿ ಕೇಳುವ ಜಾಗಕ್ಕೂ ಕಳಿಸುವ ಜಾಗಕ್ಕೂ ತಿರುಗಿಸುವ ಗುಂಡಿ ಒಂದೇ. ನಾನು ಆ ಪಟ್ಟಿಯಲ್ಲಿ ಅವನ ಜಾಗದಿಂದ ಕೊಂಚ ಪಕ್ಕದಲ್ಲಿ ನಿಂತರೆ ಮಾತ್ರ ಅವನ ಚುಕ್ಕೆ ಗೆರೆಗಳು ಸಿಳ್ಳೆಯಾಗಿ ಕೇಳುತ್ತವೆ. ದೂರ ಸರಿದಷ್ಟೂ ಸಿಳ್ಳೆ ಸಣ್ಣ ದನಿಯದು, ಹತ್ತಿರ ಬಂದಷ್ಟೂ ದಪ್ಪ ದನಿಯದು. ಇಬ್ಬರೂ ಸರಿಯಾಗಿ ಒಂದೇ ಜಾಗದಲ್ಲಿ ನಿಂತರೆ ಒಬ್ಬರಿಗೊಬ್ಬರು ಕೇಳಿಸುವುದೇ ಇಲ್ಲ. ಬೊಲಿಥೊನದೂ ಕೈಯಲ್ಲಿ ಕಟ್ಟಿದ್ದು, ಇದೇ ಜಾತಿಯದು.

ಮೊದಲ ಸಂಜೆ ಅವನು ಎಲ್ಲರನ್ನೂ ಕರೆಯುತ್ತಿದ್ದ. ನಾನು ಉತ್ತರ ಕೊಟ್ಟೆ. ಹೆಸರು ಆಯ್ವಿ, ಊರು ಬರಕೂನ ಎಂದು ಒತ್ತಿದೆ. ಆಮೇಲೆ ಬಂತು: ನಿಮ್ಮ ಸದ್ದು ಚೆನ್ನಾಗಿದೆ, ಇಲ್ಲಿ ಒಣ ಹವೆ, ಪಶ್ಚಿಮದ ಗಾಳಿ. ಯಾರೇ ಕರೆದರೂ ಸದ್ದು ಹೇಗಿದೆ, ಹವೆ ಹೇಗಿದೆ ಎಂದು ಹೇಳುವುದು ರೇಡಿಯೋದವರ ಮರ್ಯಾದೆ. ಮರ್ಯಾದೆಯನ್ನು ಅವನು ಮುರಿಯಲಿಲ್ಲ. ಬರಕೂನದಿಂದ ಒಬ್ಬರು ಅವನಿಗೆ ಉತ್ತರ ಕೊಟ್ಟು ಎಷ್ಟು ಕಾಲವಾಗಿತ್ತೋ.

ಫ್ಯಾನು ಎಂದು ಒತ್ತಲು ಹೊರಟೆ. ಅಷ್ಟರಲ್ಲಿ ಅವನ ಸಿಳ್ಳೆ ದಪ್ಪವಾಗುತ್ತ ಬಂದು ಗೊರಗೊರ ಆಯಿತು. ಅವನು ತನ್ನ ಗುಂಡಿ ತಿರುಗಿಸಿ ನನ್ನ ಹತ್ತಿರಕ್ಕೆ ಬಂದಿದ್ದ. ಹೆಡ್‌ಫೋನಿನಲ್ಲಿ ಸದಾ ಇರುವ ಗುಂಯ್ ಸದ್ದಿನಲ್ಲಿ ದಪ್ಪ ದನಿ ನನಗೆ ಕೇಳಿಸುವುದಿಲ್ಲ. ನಾನು ನನ್ನ ಗುಂಡಿ ತಿರುಗಿಸಿ ಮೇಲಕ್ಕೆ ಸರಿದೆ, ಸಿಳ್ಳೆ ಸಣ್ಣಗಾಯಿತು. ಅವನು ಮತ್ತೆ ಹತ್ತಿರ ಬಂದ. ನಾನು ಮತ್ತೆ ಸರಿದೆ. ಕತ್ತಲಾಗುವಷ್ಟರಲ್ಲಿ ನಾವಿಬ್ಬರೂ ಆ ಪಟ್ಟಿಯಲ್ಲಿ ಎಷ್ಟು ದೂರ ನಡೆದಿದ್ದೆವೆಂದರೆ, ದಾರಿಯಲ್ಲಿ ಬೇರೆಯವರ ಸಂಭಾಷಣೆಗಳನ್ನೆಲ್ಲ ತುಳಿದುಕೊಂಡು ಹೋಗಿದ್ದೆವು. ನ್ಯೂಜಿಲೆಂಡಿನವನೊಬ್ಬ ಬೈದ.

ಮರುದಿನವೂ ಹಾಗೇ. ಅದರ ಮರುದಿನವೂ.

ಮೇಲ್ವಿಚಾರಣೆಗೆ ಬಂದು ನನ್ನ ಅಡುಗೆಮನೆಯಲ್ಲಿ ಕೂತಿದ್ದ ಮಿಕ್ ಹೆಡ್‌ಫೋನಿನ ಒಂದು ಕಿವಿ ತೆಗೆದುಕೊಂಡ.

"ಅವನು ಹತ್ರ ಬರ್ತಾನೆ, ನೀನು ಓಡ್ತೀಯ. ಇದೇನು ಸಾಕ್ಷಿ ಕೇಳೋದೋ, ಹೆಣ್ಣು ಕೇಳೋದೋ?"

"ನಾನು ಓಡ್ತಿಲ್ಲ. ಅವನು ಮೇಲೆ ಬೀಳ್ತಿದ್ದಾನೆ."

"ನೀನು ನಿಂತುಕೋ ಅತ್ಲಾಗೆ."

"ನಾನ್ಯಾಕೆ ನಿಂತ್ಕೋಬೇಕು? ಹಕ್ಕಳೆ ಅವನು. ಅವನೇ ನಿಲ್ಲಲಿ."

"ಶಭಾಷ್," ಎಂದ ಮಿಕ್. ಹೆಡ್‌ಫೋನನ್ನು ಮತ್ತೆ ಕಿವಿಗೆ ಏರಿಸುತ್ತ, "ಆದ್ರೆ ವಿಚಾರಣೆ ಸೋಮವಾರ ಕಣೇ," ಎಂದ.

ಬುಧವಾರ ಹಾಗೆಯೇ ಮೇಲೆ ಮೇಲೆ ಸರಿಯುತ್ತ ನನ್ನ ಬೇಲಿ ಬಂದುಬಿಟ್ಟಿತು. ಅದರಾಚೆ ಹೋದರೆ ಪರವಾನಗಿ ಹೋಗುತ್ತದೆ. ನಾನು ನಿಂತೆ. ಈ ಸರ್ಕಾರ ಮಾಡಿದ ಕಾನೂನುಗಳಲ್ಲಿ ನನಗೆ ಉಪಕಾರವಾದದ್ದು ಅದೊಂದೇ. ಬೊಲಿಥೊ ಎಂದಿನಂತೆ ಹತ್ತಿರ ಬಂದ. ನಾನು ಸರಿಯದಿರುವುದು ಕಂಡು ಅವನಿಗೂ ಗಾಬರಿಯಾಗಿರಬೇಕು. ದಪ್ಪ ದನಿಯಲ್ಲಿ ಏನೋ ಉದ್ದವಾಗಿ ಕಳಿಸಿದ. ನನಗೆ ಸಿಕ್ಕಿದ್ದು ಎರಡು ಪದ. ಒಂದು ಕಿವಿ, ಇನ್ನೊಂದು ಫ್ಯಾನು. ಮಿಕ್ಕದ್ದೆಲ್ಲ ಗುಂಯ್ ಎನ್ನುವ ಸದ್ದಿನಲ್ಲಿ ಮುಳುಗಿಹೋಯಿತು.

ಯೋಸಿಪ್ ಬಂದು ಹೆಡ್‌ಫೋನ್ ಹಾಕಿಕೊಂಡು ಕೇಳಿದ.

"ಅವನ ಕಿವಿ ಹೋಗಿದೆ ಮಾರಾಯ್ತಿ. ಫ್ಯಾನಿನ ಪಕ್ಕ ಅಷ್ಟು ವರ್ಷ ಕೂತಿದ್ದಾನಲ್ಲ. ಸಣ್ಣ ದನಿ ಅವನಿಗೆ ಕೇಳಲ್ಲ, ಅದಕ್ಕೇ ಹತ್ರ ಹತ್ರ ಬರೋದು."

"ಅದಕ್ಕೆ ನಾನೇನು ಮಾಡಲಿ? ದಪ್ಪ ದನಿ ನನಗೆ ಕೇಳಲ್ಲ. ಈ ಗುಂಯ್ ಇದೆಯಲ್ಲ."

"ಗುಂಯ್ ನಿನ್ನ ಡಬ್ಬಿಯದಲ್ಲ. ನಿನ್ನ ಹಿತ್ತಲ ಹಿಂದೆ ಹೋಗಿದೆ ನೋಡು, ಅದಿರು ಅರೆಯೋ ಗಿರಣಿಗೆ ಹೋಗೋ ಕರೆಂಟ್ ಲೈನು, ಅದರದು. ಕಂಬದ ಪಿಂಗಾಣಿ ಮೇಲೆಲ್ಲ ಸೀಸದ ಧೂಳು ಕೂತು ಕಿಡಿ ಹಾರ್ತಾ ಇದೆ. ತೊಳೆಸಿ ಅಂತ ನಾನೇ ಮೇಲಿನೋರಿಗೆ ಹೇಳಿದೀನಿ."

"ಏನಂದ್ರು?"

"ಗಣಿಯಲ್ಲಿ ಧೂಳಿಲ್ಲವಂತೆ. ಇಲ್ಲದ್ದನ್ನ ಹೆಂಗೆ ತೊಳೆಯೋದು ಅಂದ್ರು."

ಅವನ ಕಿವಿಯನ್ನು ಕಂಪನಿಯ ಫ್ಯಾನು ತಿಂದಿತ್ತು. ನನ್ನ ಕಿವಿಯೊಳಗೆ ಕಂಪನಿಯ ಧೂಳು ಗುಂಯ್ ಅನ್ನುತ್ತಿತ್ತು. ನಡುವೆ ನಾವಿಬ್ಬರು, ಒಬ್ಬರು ಬೆನ್ನಟ್ಟುತ್ತ ಒಬ್ಬರು ಓಡುತ್ತ, ತಪ್ಪು ಇನ್ನೊಬ್ಬರದೇ ಎಂದುಕೊಂಡಿದ್ದೆವು. ಕಂಪನಿಗೆ ಇದರ ಸುದ್ದಿಯೇ ಇರಲಿಲ್ಲ. ಇದ್ದಿದ್ದರೆ ಬಹುಮಾನ ಕೊಡುತ್ತಿತ್ತು.

ಗುರುವಾರ ಡಬ್ಬಿಯನ್ನು ಗಾಡಿಯಲ್ಲಿಟ್ಟುಕೊಂಡು ಊರ ಹೊರಗೆ ಬಯಲಿಗೆ ಹೋದೆ. ಬಿಸಿಲಿಗೆ ಡಬ್ಬಿ ಕಾದು, ಗುಂಡಿ ಮುಟ್ಟದೆಯೇ ತಾನೇ ತಾನಾಗಿ ಸರಿಯುತ್ತ ಬೇಲಿ ದಾಟತೊಡಗಿತು. ಸೆಸಿಲ್‌ನ ಉಣ್ಣೆಯ ಕಾಲುಚೀಲ ಹೊದಿಸಿದೆ. ಆಗ ಗಾಳಿಗೆ ಏರಿಯಲ್ ಬಿತ್ತು. ಕೈಯಲ್ಲಿ ಕಟ್ಟಿದ್ದನ್ನು ಅದು ಕಟ್ಟಿದ ಮನೆಯಲ್ಲೇ ಇಡಬೇಕು ಎಂದ ಯೋಸಿಪ್.

"ಲೈನಿನ ಕರೆಂಟ್ ತೆಗೆದುಬಿಡೋಕಾಗಲ್ವಾ ನಿನಗೆ?"

"ಗಿರಣಿ ಓಡ್ತಿರೋವಾಗ ತೆಗೆದರೆ ನನ್ನ ಕೆಲಸ ತೆಗೀತಾರೆ. ಗಿರಣಿ ನಿಂತಿದ್ದರೆ ಆ ಮಾತು ಬೇರೆ. ಆಗ ತೆಗೆಯೋದೇ ನಿಯಮ."

ಇದನ್ನು ಅವನು ನನಗೆ ಹೇಳಿದ. ಆದರೆ ನೋಡುತ್ತಿದ್ದದ್ದು ಮಿಕ್ ಡರ್ಕಿನ್‌ನನ್ನು. ಮಿಕ್ ನನ್ನ ಮೇಜಿನ ಮೇಲಿನ ಬ್ರೆಡ್ಡಿನ ಪುಡಿ ಒಟ್ಟು ಮಾಡುತ್ತಿದ್ದ.

"ಆ ಮನುಷ್ಯನಿಗೋಸ್ಕರ ಈ ಯೂನಿಯನ್ನು ಒಂದು ಕಡ್ಡಿಯನ್ನೂ ಈ ಕಡೆಯಿಂದ ಆ ಕಡೆಗೆ ಇಡಲ್ಲ," ಎಂದ.

"ನಾನೇನಾದ್ರೂ ಕೇಳಿದ್ನಾ?"

"ಇಲ್ಲ. ಹೇಳ್ದೆ ಅಷ್ಟೇ." ಎದ್ದು ಟೋಪಿ ಹಾಕಿಕೊಂಡ. "ಕ್ಯಾಂಟೀನಿನ ಪೇಸ್ಟಿ ಈಚೆಗೆ ಬಹಳ ತಣ್ಣಗಿರುತ್ತೆ ಅಂತ ದೂರು ಬಂದಿದೆ."

ಶುಕ್ರವಾರ ಸಂಜೆ, ಹೊತ್ತು ಇನ್ನೂ ಗುಡ್ಡದ ಮೇಲಿರುವಾಗ, ಮಿಕ್ ಕ್ಯಾಂಟೀನಿನಲ್ಲಿ ಒಂದು ಪೇಸ್ಟಿ ಕಚ್ಚಿದ. ಮಾಂಸ, ಆಲೂಗೆಡ್ಡೆ ತುಂಬಿದ ಆ ಪೇಸ್ಟಿ ನಮ್ಮ ಅಜ್ಜಂದಿರ ಕಾಲದಿಂದ ತಣ್ಣಗೇ ಇದೆ. ಮಿಕ್ ಅದನ್ನು ತಟ್ಟೆಗೆ ಹಾಕಿ ಎದ್ದು ನಿಂತ. "ಕಾಮ್ರೇಡ್ಸ್, ಇದು ಮನುಷ್ಯರು ತಿನ್ನೋದಲ್ಲ. ಪೇಸ್ಟಿ ಬಿಸಿಯಾಗೋವರೆಗೆ ಕೆಲಸ ಇಲ್ಲ." ಇಡೀ ಪಾಳಿ ಎದ್ದು ಹೊರಗೆ ಬಂತು. ಯಾಕೆಂದು ಯಾರೂ ಕೇಳಲಿಲ್ಲ. ಗೊತ್ತಿದ್ದವರೂ ಕೇಳಲಿಲ್ಲ, ಗೊತ್ತಿಲ್ಲದವರೂ ಕೇಳಲಿಲ್ಲ. ಒಗ್ಗಟ್ಟು ಅಂದೆನಲ್ಲ, ಅದು ಇದೇ. ಗಿರಣಿ ನಿಂತಿತು. ಗಿರಣಿ ನಿಂತಾಗ ಲೈನಿನಲ್ಲಿ ಕರೆಂಟ್ ಇಡುವುದು ಅಪಾಯವೆಂದು ಯೋಸಿಪ್ ನಿಯಮದ ಪ್ರಕಾರ ಸ್ವಿಚ್ ಎಳೆದ.

ನನ್ನ ಹೆಡ್‌ಫೋನಿನಲ್ಲಿ ಗುಂಯ್ ಸತ್ತುಹೋಯಿತು. ಊರಿನಲ್ಲಿ ನಾಯಿಗಳು ಬೊಗಳಿದವು, ಅವಕ್ಕೆ ನಿಶ್ಶಬ್ದದ ಪರಿಚಯವಿರಲಿಲ್ಲ. ನಾನು ಬೇಲಿಯ ಪಕ್ಕದಲ್ಲಿ ಗುಂಡಿಯಿಂದ ಕೈ ತೆಗೆದು ಕೂತೆ. ಬೊಲಿಥೊ ಹತ್ತಿರ ಬಂದ. ಅವನ ಸಿಳ್ಳೆ ಬಾವಿಯೊಳಗಿನ ಕಪ್ಪೆಯ ಹಾಗೆ ದಪ್ಪಗೆ, ಸ್ಪಷ್ಟವಾಗಿ ಕೇಳಿಸಿತು.

ಒಣ ಹವೆ, ಎಂದ.

ಇಲ್ಲೂ ಒಣ ಹವೆ, ಎಂದೆ. ಆಮೇಲೆ ಹೊತ್ತು ಕಳೆಯಲಿಲ್ಲ. ಮಧ್ಯಾಹ್ನದ ಪಾಳಿಯಲ್ಲಿ ಫ್ಯಾನು ನಿಲ್ಲುತ್ತಿತ್ತೇ?

ನಿಲ್ಲುತ್ತಿತ್ತು. ಪಾಳಿಯ ಅರ್ಧಕ್ಕೆ. ಬಾಯಿಮಾತಿನ ಆಜ್ಞೆ. ಕೈ ನನ್ನದು.

ಸೆಸಿಲ್ ಆಗ ಕೆಳಗಿದ್ದ.

ಗೊತ್ತು. ಪೈಪಿನವನು. ಬೆಂಕಿ ಹಚ್ಚದ ಪೈಪು.

ಆಮೇಲೆ ಒತ್ತಿದೆ: ಸೋಮವಾರ ವಿಚಾರಣೆ. ಬಂದು ಹೇಳುತ್ತೀಯಾ?

ಅಷ್ಟು ಹೊತ್ತಿಗೆ ಅಲ್ಲಿ ಕ್ಯಾಂಟೀನಿನಲ್ಲಿ ಪೇಸ್ಟಿಗಳು ಬಿಸಿಯಾಗಿದ್ದವಂತೆ. ಮ್ಯಾನೇಜರ್ ತಾನೇ ಒಂದನ್ನು ತಟ್ಟೆಯಲ್ಲಿ ತಂದು ಮಿಕ್‌ನ ಮುಂದೆ ಹಿಡಿದಿದ್ದ. ಹೊಗೆಯಾಡುತ್ತಿತ್ತು. ಮಿಕ್ ಕಚ್ಚಿದ. ಬಾಯಿ ಸುಟ್ಟು ಕಣ್ಣಲ್ಲಿ ನೀರು ಬಂತು. ನಿಧಾನವಾಗಿ ಅಗಿದ. ನುಂಗಿದ.

"ನಡುವೆ ಇನ್ನೂ ತಣ್ಣಗಿದೆ," ಎಂದ.

ಬೊಲಿಥೊ ಕೇಳಿದ: ಯಾರು ಯಾರು ಬರುತ್ತಾರೆ?

ಊರೆಲ್ಲ.

ನನ್ನ ಜೊತೆ ಮಾತಾಡುತ್ತಾರೆಯೇ?

ಬರುತ್ತಾನೆಂದರೆ ಏನು ಬೇಕಾದರೂ ಹೇಳಬಹುದಿತ್ತು. ಹೌದು ಎಂದು ಒತ್ತುವುದಕ್ಕೆ ಎಷ್ಟು ಹೊತ್ತು? ಆದರೆ ಊರಿನ ಪರವಾಗಿ ಸುಳ್ಳು ಹೇಳುವ ಅಧಿಕಾರವನ್ನು ಯಾರೂ ನನಗೆ ಕೊಟ್ಟಿರಲಿಲ್ಲ.

ಇಲ್ಲ, ಎಂದೆ.

ಹೊರಗೆ ಒಂದು ನಾಯಿ ಇನ್ನೂ ಬೊಗಳುತ್ತಿತ್ತು.

ಒಳ್ಳೆಯದಾಯಿತು, ಎಂದ ಬೊಲಿಥೊ. ನನಗೂ ಅಭ್ಯಾಸ ತಪ್ಪಿದೆ. ಬರುತ್ತೇನೆ.

ಯಾಕೆ ಗೇಟು ದಾಟಿದೆ ಎಂದು ನಾನು ಕೇಳಲಿಲ್ಲ. ಅವನೂ ಹೇಳಲಿಲ್ಲ. ಅವನು ಪೂರ್ವದ ಗಾಳಿ ಎಂದು ಒತ್ತಿ ಮುಗಿಸುವಷ್ಟರಲ್ಲಿ ಗಿರಣಿ ಮತ್ತೆ ಶುರುವಾಗಿ ಗುಂಯ್ ಮರಳಿ ಬಂತು.

ಸೋಮವಾರ ಕೋರ್ಟಿನಲ್ಲಿ ಕೂರಲು ಜಾಗವಿರಲಿಲ್ಲ. ಬೊಲಿಥೊ ಕೋಟು ಹಾಕಿಕೊಂಡು ಬಂದ. ಅವನು ನಡೆದು ಹೋಗುವಾಗ ಊರು ಎರಡು ಭಾಗವಾಗಿ ದಾರಿ ಬಿಟ್ಟಿತು, ಎಲ್ಲರೂ ಅವನ ತಲೆಯ ಮೇಲಿನ ಗೋಡೆಯನ್ನು ನೋಡಿದರು. ಸಾಕ್ಷಿಯ ಕಟ್ಟೆಯಲ್ಲಿ ಅವನು ಬಾಯಿ ತೆರೆದಾಗ ದನಿ ಮೊದಲು ಬರಲೇ ಇಲ್ಲ. ಕೆಮ್ಮಿ, ನೀರು ಕುಡಿದು, ಹೇಳಬೇಕಾದದ್ದನ್ನು ಮೋರ್ಸಿನಷ್ಟೇ ಚುಟುಕಾಗಿ ಹೇಳಿದ. ನಿಲ್ಲಿಸು ಅಂದರು. ನಿಲ್ಲಿಸಿದೆ. ದಿನಾಲೂ.

ಕಂಪನಿಯ ವಕೀಲ ಎದ್ದ. ಅವನದು ಸಣ್ಣ ದನಿ. ಬೊಲಿಥೊಗೆ ಒಂದೂ ಕೇಳಿಸಲಿಲ್ಲ.

"ದಪ್ಪಗೆ ಮಾತಾಡಿ ಸ್ವಾಮಿ," ಎಂದ ಬೊಲಿಥೊ.

ವಕೀಲ ಗಂಟಲು ಸರಿಮಾಡಿಕೊಂಡು ಹಂಡೆಯೊಳಗಿನಿಂದ ಬಂದಂಥ ದನಿ ತೆಗೆದ. ಹಿಂದೆ ಯಾರೋ ನಕ್ಕರು. ಮ್ಯಾಜಿಸ್ಟ್ರೇಟರು ಕಣ್ಣು ಬಿಟ್ಟರು.

"ನಿಮ್ಮ ಕಿವಿ ಯಾಕೆ ಹಾಳಾಯ್ತು?" ಎಂದ ವಕೀಲ.

"ಫ್ಯಾನಿನ ಸದ್ದಿಗೆ."

"ಅಂದರೆ ಫ್ಯಾನು ಓಡ್ತಾ ಇತ್ತು ಅಂತಾಯ್ತು. ಕಿವುಡಾಗೋಷ್ಟು ಓಡ್ತಾ ಇತ್ತು. ಅಲ್ಲವೇ?"

ವಕೀಲ ತಿರುಗಿ ನಮ್ಮ ಕಡೆ ನೋಡಿದ.

"ಓಡೋವಾಗ ಓಡ್ತಿತ್ತು," ಎಂದ ಬೊಲಿಥೊ. "ನಿಲ್ಲಿಸಿದಾಗ ಕಿವಿಯೊಳಗೆ ಗಂಟೆ ಬಾರಿಸಿದ ಹಾಗೆ ಆಗ್ತಿತ್ತು. ಆ ಗಂಟೆಯ ಹಿಂದೆ ಕೆಳಗಿನೋರು ಕೆಮ್ಮೋದು ಕೇಳ್ತಿತ್ತು. ಫ್ಯಾನು ಓಡ್ತಿದ್ರೆ ಕೆಮ್ಮು ಹೆಂಗೆ ಕೇಳುತ್ತೆ ಸ್ವಾಮಿ? ನಾನು ಕೇಳಿದೀನಿ. ಒಬ್ಬೊಬ್ಬರ ಕೆಮ್ಮೂ ಬೇರೆ ಬೇರೆ. ಇವರ ಗಂಡನದೂ ಗೊತ್ತು."

ವಕೀಲ ಕೂತ.

ತೀರ್ಮಾನ ಅಂದೇ ಮಧ್ಯಾಹ್ನ ಬಂತು. ಸಾವಿಗೆ ಕಾರಣ: ಧೂಳು. ತೀರ್ಮಾನವನ್ನು ಅಧ್ಯಯನ ಮಾಡುತ್ತೇವೆ ಎಂದಿತು ಕಂಪನಿ. ಇನ್ನೂ ಮಾಡುತ್ತಿದೆ. ಅಷ್ಟರೊಳಗೆ ಗೋಡೆಯ ಮೇಲೆ ಅಕ್ಷರ ಕೆತ್ತಿಯಾಗಿದೆ. ಧೂಳು ಎಂಬುದು ಅಲ್ಲಿ ಹೊಸ ಪದವಾದ್ದರಿಂದ ಕೆತ್ತುವವನು ಕೊಂಚ ದೊಡ್ಡದಾಗಿಯೇ ಕೆತ್ತಿದ್ದಾನೆ. ಇನ್ನೂ ಹದಿನೇಳು ಮನೆಯವರು ಅರ್ಜಿ ಹಾಕಿದ್ದಾರೆ.

ಆ ಮಧ್ಯಾಹ್ನ ಕೋರ್ಟಿನ ಹೊರಗೆ ಊರೆಲ್ಲ ನಿಂತಿತ್ತು. ಬೊಲಿಥೊ ಮೆಟ್ಟಿಲಿಳಿದು ತನ್ನ ಗಾಡಿಗೆ ಹೋಗಿ ಕೂತ. ಯಾರೂ ಬಾಯಿ ತೆರೆಯಲಿಲ್ಲ. ನಾನೂ ತೆರೆಯಲಿಲ್ಲ. ನಿರ್ಣಯ ನಿರ್ಣಯವೇ.

ಮಿಕ್ ಡರ್ಕಿನ್ ರಸ್ತೆ ದಾಟಿ, ತನ್ನ ಗಾಡಿಯ ಬಾಗಿಲು ತೆಗೆದು ಕೂತು, ಬೊಲಿಥೊ ಕಡೆ ನೋಡದೆ, ಹಾರ್ನ್ ಒತ್ತಿದ. ಮಿಕ್‌ನ ಗಾಡಿಯದು ಎಮ್ಮೆ ಕೂಗಿದಂಥ ದಪ್ಪ ಹಾರ್ನು. ಉದ್ದ. ಗಿಡ್ಡ. ಉದ್ದವೋ ಗಿಡ್ಡವೋ ತಿಳಿಯದ ಇನ್ನೇನೋ. ಊರು ಅವನಿಗೆ ಹುಚ್ಚು ಹಿಡಿಯಿತೆಂದುಕೊಂಡಿತು. ನನಗೂ ಯೋಸಿಪ್‌ಗೂ ಮಾತ್ರ ಗೊತ್ತಾಯಿತು, ಅದೂ ಎರಡನೇ ಸಲ ಒತ್ತಿದಾಗ. ಮಿಕ್ ಚಹಾ ಕುಡಿಯುತ್ತೀಯಾ ಎಂದು ಕೇಳುತ್ತಿದ್ದ.

ಬೊಲಿಥೊ ಎಂಜಿನ್ ಆರಿಸಿದ. ಸ್ಟೀರಿಂಗನ್ನು ನೋಡುತ್ತ ಕೂತ. ಆಮೇಲೆ ತನ್ನ ಹಾರ್ನ್ ಒತ್ತಿ, ಒಂದೊಂದು ಅಕ್ಷರವನ್ನೂ ಅಳೆದು ತೂಗಿ, ಮುತ್ತು ಪೋಣಿಸಿದ ಹಾಗೆ ಉತ್ತರ ಕೊಟ್ಟ.

"ಏನಂದ?" ಎಂದು ಮಿಕ್ ಕಿಟಕಿಯಿಂದ ನನ್ನನ್ನು ಕೂಗಿ ಕೇಳಿದ. ಅಷ್ಟು ವೇಗ ಅವನಿಗೆ ಹಿಡಿಯುತ್ತಿರಲಿಲ್ಲ.

"ನಿನ್ನ ಗೆರೆ ಬಹಳ ಗಿಡ್ಡ ಅಂತೆ," ಎಂದೆ. "ಸಕ್ಕರೆ ಎರಡು ಚಮಚ."